ರೆಂಡಾಂಗ್: ಎಣ್ಣೆ ಬಿಟ್ಟ ಮೇಲೆ ಶುರುವಾಗುವ ಅಡುಗೆ

ರೆಂಡಾಂಗ್ ಅಂದರೆ ಮಾಂಸವನ್ನು ಮಸಾಲೆ, ಕಾಯಿಹಾಲಿನಲ್ಲಿ ಸಾರೆಲ್ಲ ಆರುವ ತನಕ ನಿಧಾನಕ್ಕೆ ಬೇಯಿಸುವ ಅಡುಗೆ. ಅದನ್ನು ಮಾಡುವ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಮೂರು ಗಂಟೆ ಅಡುಗೆಮನೆ ಬಿಟ್ಟು ದೂರ ಹೋಗುವ ಹಾಗಿಲ್ಲ. ಅಷ್ಟು ಹೊತ್ತು ಕೊಡಲು ಮನಸ್ಸಿದ್ದರೆ ಉಳಿದದ್ದೆಲ್ಲ ಸುಲಭ. ಕಷ್ಟದ ಕೈಚಳಕ ಏನೂ ಬೇಡ.

ನಾನು ಕರಾವಳಿಯ ಬ್ಯಾರಿ ಮನೆಯವಳು. ಮದುವೆಯಾಗಿ ಮಲೇಷ್ಯಾದ ಸೆರೆಂಬಾನ್‌ಗೆ ಬಂದೆ. ಮಾಂಸಕ್ಕೆ ತೆಂಗಿನಕಾಯಿ ಹಾಕಿ ಅಡುಗೆ ಮಾಡುವುದು ನನಗೆ ಹೊಸದಲ್ಲ. ಹಾಗಾಗಿ ರೆಂಡಾಂಗ್ ಅಂದರೆ ನಮ್ಮ ಸುಕ್ಕದ ಹಾಗೇ ಇರಬೇಕು ಅಂದುಕೊಂಡಿದ್ದೆ. ಮೊದಲ ಸಲ ಮಾಡಿದಾಗ ಮಸಾಲೆ, ಮಾಂಸ, ಕಾಯಿಹಾಲು ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಎಂಟು ವಿಷಲ್ ಕೂಗಿಸಿದೆ. ಮಾಂಸ ಬೆಂದು ನೂಲು ನೂಲಾಗಿತ್ತು. ಸಾರು ತೆಳ್ಳಗೆ, ಬಿಳಿ ಬಿಳಿ. ಪಕ್ಕದ ಮನೆಯ ಮಕ್ಚಿಕ್ ಒಂದು ಚಮಚ ಬಾಯಿಗಿಟ್ಟು, "ರುಚಿ ಚೆನ್ನಾಗಿದೆ ಮಗಳೇ, ಆದರೆ ಇದು ಇನ್ನೂ ರೆಂಡಾಂಗ್ ಆಗಿಲ್ಲ" ಅಂದರು. ಮಕ್ಚಿಕ್ ಅಂದರೆ ಮಲಯ್ ಭಾಷೆಯಲ್ಲಿ ಚಿಕ್ಕಮ್ಮ, ಅತ್ತೆ. ವಯಸ್ಸಾದ ಹೆಂಗಸರನ್ನು ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ಮುಂದಿನ ವಾರ ಅವರ ಅಡುಗೆಮನೆಯಲ್ಲಿ ನಿಂತು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಮೂಲದಲ್ಲಿ ಇಂಡೋನೇಷ್ಯಾದ ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವ್ ಜನರ ಅಡುಗೆ. ಆ ಜನ ಶತಮಾನಗಳ ಹಿಂದೆಯೇ ಮಲಕ್ಕಾ ಜಲಸಂಧಿ ದಾಟಿ ಬಂದು ಈ ನೆಗೆರಿ ಸೆಂಬಿಲಾನ್ ರಾಜ್ಯದಲ್ಲಿ ನೆಲೆಸಿದರು. ಸೆರೆಂಬಾನ್ ಇದರ ರಾಜಧಾನಿ. ಅವರಲ್ಲಿ ವಂಶ, ಜಮೀನು ತಾಯಿಯ ಕಡೆಯಿಂದ ಬರುತ್ತದೆ ಅಂತ ಕೇಳಿದಾಗ ನನಗೆ ನಮ್ಮ ತುಳುನಾಡಿನ ಅಳಿಯಕಟ್ಟು ನೆನಪಾಯಿತು. ಮಿನಾಂಗ್‌ಕಬಾವ್ ಗಂಡಸರು ದುಡಿಮೆಗೆ ಊರು ಬಿಟ್ಟು ದೂರ ಹೋಗುವುದು ಹಳೆಯ ಪದ್ಧತಿ. ನೀರಿನ ಪಸೆ ಆರುವ ತನಕ ಬೇಯಿಸಿದ ಮಾಂಸ ಬೇಗ ಕೆಡುವುದಿಲ್ಲ, ದಾರಿಗೆ ಬುತ್ತಿಯಾಗುತ್ತದೆ. ರೆಂಡಾಂಗ್ ಅನ್ನುವ ಹೆಸರು ಬಂದದ್ದೂ ನಿಧಾನಕ್ಕೆ ಆರಿಸಿ ಬೇಯಿಸುವುದು ಅನ್ನುವ ಮಾತಿನಿಂದ.

ಆ ಕಡೆಯವರು ಇದನ್ನು ಮೂರು ಹಂತವಾಗಿ ನೋಡುತ್ತಾರೆ. ಕಾಯಿಹಾಲಿನ ಸಾರು ನೀರಾಗಿದ್ದಾಗ ಗುಲಾಯ್. ಸಾರು ದಪ್ಪವಾಗಿ ಕಂದು ಬಣ್ಣಕ್ಕೆ ತಿರುಗಿದಾಗ ಕಾಲಿಯೋ. ಸಾರೆಲ್ಲ ಆರಿ, ಮಸಾಲೆ ಮಾಂಸಕ್ಕೆ ಅಂಟಿ, ಬಣ್ಣ ಗಾಢವಾದಾಗ ಮಾತ್ರ ರೆಂಡಾಂಗ್. ಪಾತ್ರೆ ಒಂದೇ, ಮಾಂಸ ಒಂದೇ. ಬದಲಾಗುವುದು ಹೊತ್ತು ಮಾತ್ರ. ಹೋಟೆಲುಗಳಲ್ಲಿ ಎಷ್ಟೋ ಸಲ ಕಾಲಿಯೋವನ್ನೇ ರೆಂಡಾಂಗ್ ಅಂತ ಬಡಿಸುತ್ತಾರೆ. ಕಾಲಿಯೋ ಕೂಡ ಒಳ್ಳೆಯ ಅಡುಗೆಯೇ. ಆದರೆ ನಾವು ಹೋಗಬೇಕಾದ ಜಾಗ ಅದಲ್ಲ.

ಮಲಯ್ ಮನೆಗಳಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಹುರಿದು ಕುಟ್ಟಿದ ತೆಂಗಿನಕಾಯಿ. ಅದರ ಹೆಸರು ಕೆರಿಸಿಕ್. ಸುಮಾತ್ರದ ರೆಂಡಾಂಗ್‌ಗೆ ಸಾಮಾನ್ಯವಾಗಿ ಅದನ್ನು ಹಾಕುವುದಿಲ್ಲ. ಕೆಳಗೆ ಇರುವುದು ಮಲಯ್ ಮನೆಯ ಕ್ರಮ.

ಬೇಕಾಗುವ ಸಾಮಾನು

ಒಂದು ಕೆಜಿ ದನದ ಮಾಂಸಕ್ಕೆ ಲೆಕ್ಕ ಹೇಳುತ್ತೇನೆ. ಆರು ಜನರಿಗೆ ಸಾಕು.

ಮಾಂಸ ಭುಜದ ಭಾಗದ್ದೋ ಕಾಲಿನದ್ದೋ ಇರಲಿ. ನಡುವೆ ಬಿಳಿ ನರ, ಸ್ವಲ್ಪ ಕೊಬ್ಬು ಇರುವುದೇ ಬೇಕು. ಹೊತ್ತು ಹೊತ್ತು ಬೆಂದಾಗ ಆ ನರ ಕರಗಿ ಅಂಟಂಟಾಗಿ ಮಸಾಲೆಗೆ ಸೇರುತ್ತದೆ, ಮಾಂಸ ಒಣಗದ ಹಾಗೆ ಕಾಯುತ್ತದೆ. ಬೆಲೆ ಜಾಸ್ತಿ ಕೊಟ್ಟು ಮೆತ್ತಗಿನ ಭಾಗ ತಂದರೆ ಅದು ಎರಡನೇ ಗಂಟೆಯ ಹೊತ್ತಿಗೆ ಹಿಟ್ಟು ಹಿಟ್ಟಾಗುತ್ತದೆ. ತುಂಡುಗಳು ಸುಮಾರು 4 ಸೆಂಟಿಮೀಟರ್ ಇರಲಿ. ಬೆಂದಾಗ ಕುಗ್ಗುತ್ತವೆ, ಹಾಗಾಗಿ ಚಿಕ್ಕದು ಮಾಡಬೇಡಿ. ಮಲೇಷ್ಯಾದ ಅಂಗಡಿಗಳಲ್ಲಿ ಫ್ರೋಜನ್ ಮಾಂಸ ಅಂದರೆ ಬಹಳಷ್ಟು ಸಲ ಭಾರತದಿಂದ ಬಂದ ಎಮ್ಮೆ ಮಾಂಸ. ಅದೂ ಆಗುತ್ತದೆ, ಬೇಯಲು ಅರ್ಧ ಗಂಟೆ ಜಾಸ್ತಿ ಬೇಕು ಅಷ್ಟೇ. ಕರ್ನಾಟಕದಲ್ಲಿ ಗೋಹತ್ಯೆ ನಿಷೇಧ ಕಾಯ್ದೆ ಇರುವುದರಿಂದ ಅಲ್ಲಿ ಮಾಡುವವರು ಇದೇ ಮಸಾಲೆಗೆ ಕುರಿಯ ತೊಡೆ ಮಾಂಸ ಹಾಕಿ ಮಾಡಬಹುದು.

ತೆಂಗಿನಕಾಯಿ ಎರಡೂವರೆ. ಚೆನ್ನಾಗಿ ಬಲಿತದ್ದು, ದೊಡ್ಡದು. ಎರಡು ಕಾಯಿ ಹಾಲಿಗೆ, ಅರ್ಧ ಕಾಯಿ ಕೆರಿಸಿಕ್‌ಗೆ. ತುರಿಗೆ ಒಂದು ಲೋಟ ಬಿಸಿನೀರು ಹಾಕಿ ರುಬ್ಬಿ ಹಿಂಡಿದರೆ ದಪ್ಪ ಹಾಲು. ಅದೇ ತುರಿಗೆ ಮತ್ತೆ ಎರಡೂವರೆ ಲೋಟ ನೀರು ಹಾಕಿ ಹಿಂಡಿದರೆ ತೆಳು ಹಾಲು. ಎರಡನ್ನೂ ಬೇರೆ ಬೇರೆ ಇಡಿ. ಡಬ್ಬಿಯ ಕಾಯಿಹಾಲು ತರುವುದಾದರೆ ಲೇಬಲ್ ಓದಿ ತನ್ನಿ. ಹಾಲು ಒಡೆಯದಿರಲಿ ಅಂತ ಅಂಟು ಸೇರಿಸಿದ ಡಬ್ಬಿಗಳು ಬರುತ್ತವೆ. ನಮಗೆ ಕೊನೆಗೆ ಹಾಲು ಒಡೆದು ಎಣ್ಣೆ ಬಿಡಲೇಬೇಕು. ಅಂಟು ಹಾಕಿದ ಹಾಲು ಅದಕ್ಕೆ ಸುಮ್ನೆ ಸತಾಯಿಸುತ್ತದೆ. ತೆಂಗು, ನೀರು ಎರಡೇ ಇರುವ ಡಬ್ಬಿ ಸಿಕ್ಕರೆ ಒಳ್ಳೆಯದು.

ರುಬ್ಬುವುದಕ್ಕೆ ಇಷ್ಟು: ಬಿಸಿನೀರಲ್ಲಿ ನೆನೆಸಿದ 15 ಒಣಮೆಣಸಿನಕಾಯಿ, ಸಿಪ್ಪೆ ತೆಗೆದ 15 ಸಣ್ಣ ಈರುಳ್ಳಿ, 5 ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಒಂದೂವರೆ ಇಂಚು ಗಲಾಂಗಲ್, ಒಂದು ಇಂಚು ಹಸಿ ಅರಿಶಿನ, ಮಜ್ಜಿಗೆ ಹುಲ್ಲಿನ 3 ದಂಟಿನ ಬುಡದ ಬಿಳಿ ಭಾಗ. ಬಣ್ಣಕ್ಕೆ ಬ್ಯಾಡಗಿ ಚೆನ್ನಾಗಿ ಹೊಂದುತ್ತದೆ. ಖಾರ ಬೇಕಾದವರು ನಾಲ್ಕು ಗುಂಟೂರು ಸೇರಿಸಲಿ. ಸಣ್ಣ ಈರುಳ್ಳಿ ಸುಲಿಯುವುದಕ್ಕೆ ಬೇಸರ ಪಟ್ಟುಕೊಳ್ಳಬೇಡಿ. ದೊಡ್ಡ ಈರುಳ್ಳಿ ಹಾಕಿದರೆ ನೀರು ಜಾಸ್ತಿ ಬಿಡುತ್ತದೆ, ಹುರಿಯುವ ಹೊತ್ತು ಇಮ್ಮಡಿಯಾಗುತ್ತದೆ.

ಗಲಾಂಗಲ್ ಶುಂಠಿಯ ಬಳಗದ್ದೇ. ನೋಡಲು ಶುಂಠಿಯ ಹಾಗೆ ಇದ್ದರೂ ಗಟ್ಟಿ, ಮೇಲೆ ಉಂಗುರ ಉಂಗುರ ಗೆರೆ. ಇಲ್ಲಿ ಲೆಂಗ್ಕುವಾಸ್ ಅನ್ನುತ್ತಾರೆ. ಬೆಂಗಳೂರಿನ ದೊಡ್ಡ ತರಕಾರಿ ಅಂಗಡಿಗಳಲ್ಲಿ ಥಾಯ್ ಅಡುಗೆಯ ಸಾಮಾನಿನ ಜೊತೆ ಇಟ್ಟಿರುತ್ತಾರೆ. ಸಿಗದಿದ್ದರೆ ಬಿಟ್ಟುಬಿಡಿ. ಅದರ ಬದಲು ಶುಂಠಿ ಇಮ್ಮಡಿ ಮಾಡಿದರೆ ಇಡೀ ಅಡುಗೆಗೆ ಶುಂಠಿ ಕಷಾಯದ ವಾಸನೆ ಬರುತ್ತದೆ.

ಇಡಿಯಾಗಿ ಹಾಕುವ ಮಸಾಲೆ ನಾಲ್ಕು: ಒಂದು ಚಕ್ಕೆ, ನಾಲ್ಕು ಲವಂಗ, ನಾಲ್ಕು ಏಲಕ್ಕಿ, ಎರಡು ಚಕ್ರಮೊಗ್ಗು. ಮಲಯ್ ಹೆಂಗಸರು ಈ ನಾಲ್ಕನ್ನೂ ಸೇರಿಸಿ ರೆಂಪಾ ಎಂಪಾತ್ ಬೆರಾದಿಕ್ ಅನ್ನುತ್ತಾರೆ. ಅಂದರೆ ನಾಲ್ವರು ಒಡಹುಟ್ಟಿದವರು. ಅಂಗಡಿಯಲ್ಲಿ ಹಾಗೆ ಕೇಳಿದರೆ ನಾಲ್ಕನ್ನೂ ಕೊಡುತ್ತಾರೆ. ನನಗೆ ಬಹಳ ಇಷ್ಟವಾದ ಹೆಸರು ಇದು.

ಇನ್ನು ಎಲೆಗಳು. ಒಂದು ದೊಡ್ಡ ಅರಿಶಿನ ಎಲೆ, ಐದು ಲಿಮಾವ್ ಪುರುತ್ ಎಲೆ. ಅರಿಶಿನ ಎಲೆ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ನಾಗರಪಂಚಮಿಗೆ ಕಡುಬು ಮಡಚುವ ಅದೇ ಎಲೆ. ಲಿಮಾವ್ ಪುರುತ್ ಒಂದು ಸುಕ್ಕು ಸಿಪ್ಪೆಯ ನಿಂಬೆ. ಅದರ ಒಂದೊಂದು ಎಲೆಯೂ ಎರಡು ಎಲೆ ಉದ್ದಕ್ಕೆ ಜೋಡಿಸಿದ ಹಾಗೆ ಕಾಣುತ್ತದೆ. ಸಿಗದಿದ್ದರೆ ನಿಂಬೆ ಗಿಡದ ಎಳೆ ಎಲೆ ಎರಡು ಹಾಕಿ. ಆದರೆ ಅರಿಶಿನ ಎಲೆ ಮಾತ್ರ ಬಿಡಬೇಡಿ. ಬಾಣಲೆಯ ಮುಚ್ಚಳ ತೆಗೆದಾಗ ಇದು ರೆಂಡಾಂಗ್ ಅಂತ ಮೂಗಿಗೆ ಹೇಳುವುದು ಆ ಎಲೆ.

ಹುಳಿಗೆ ಇಲ್ಲಿ ಆಸಾಮ್ ಕೆಪಿಂಗ್ ಅನ್ನುವ ಒಣಗಿಸಿದ ಹಣ್ಣಿನ ಹೋಳು ಹಾಕುತ್ತಾರೆ. ಅದು ನಮ್ಮ ಉಪ್ಪಗೆ, ಪುನರ್ಪುಳಿಯ ಬಳಗದ ಮರ. ಶಿರಸಿ ಕಡೆಯಿಂದ ತಂದ ಉಪ್ಪಗೆ ಸಿಪ್ಪೆ ಇದ್ದರೆ ಎರಡು ಚೂರು ತೊಳೆದು ಹಾಕಿ. ಅದೂ ಇಲ್ಲದಿದ್ದರೆ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ. ಪುನರ್ಪುಳಿ ಬೇಡ, ಬಣ್ಣ ಕೆಡುತ್ತದೆ. ಸಿಹಿಗೆ ತೆಂಗಿನ ಮರದ ಗುಲಾ ಮೆಲಾಕಾ ಇಲ್ಲವೇ ನಮ್ಮ ಓಲೆಬೆಲ್ಲ (ತಾಳೆಬೆಲ್ಲ) ಒಂದು ಚಮಚ. ಉಪ್ಪು, ಕಾಲು ಲೋಟ ಕೊಬ್ಬರಿ ಎಣ್ಣೆ. ಜೊತೆಗೆ ಜಜ್ಜಿ ಇಟ್ಟ ಮಜ್ಜಿಗೆ ಹುಲ್ಲು ಎರಡು ದಂಟು.

ಮೊದಲು ಕೆರಿಸಿಕ್

ಇದನ್ನು ಬೆಳಿಗ್ಗೆಯೇ, ಇಲ್ಲವೇ ಹಿಂದಿನ ದಿನ ಮಾಡಿಟ್ಟುಕೊಳ್ಳಿ. ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದೆ, ಆದರೆ ಮನೆಯದ್ದರ ಪರಿಮಳ ಅದಕ್ಕಿಲ್ಲ.

ಅರ್ಧ ಕಾಯಿಯನ್ನು ಕಪ್ಪು ಸಿಪ್ಪೆ ಬಾರದ ಹಾಗೆ ತುರಿಯಿರಿ. ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿಯಿರಿ. ಎಣ್ಣೆ ಬೇಡ. ಕೈ ನಿಲ್ಲಿಸಬೇಡಿ. ಮೊದಲ ಏಳೆಂಟು ನಿಮಿಷ ಏನೂ ಆಗುವುದಿಲ್ಲ, ಬರೀ ಹಬೆ. ಆಮೇಲೆ ಒಮ್ಮೆಲೇ ಬಣ್ಣ ತಿರುಗುತ್ತದೆ. ಚಟ್ನಿಪುಡಿಗೆ ಹುರಿಯುವ ಹದಕ್ಕಿಂತ ಇನ್ನೂ ಮುಂದೆ ಹೋಗಬೇಕು. ಓಲೆಬೆಲ್ಲದ ಬಣ್ಣ ಬಂದ ತಕ್ಷಣ ಬಾಣಲೆಯಿಂದ ತೆಗೆಯಿರಿ. ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಕರಕಲಾಗುತ್ತದೆ, ಕಹಿ ಬಂದರೆ ಮತ್ತೆ ಸರಿ ಮಾಡಲು ಆಗುವುದಿಲ್ಲ.

ಬಿಸಿ ಇರುವಾಗಲೇ ಕುಟ್ಟಬೇಕು. ನಮ್ಮಲ್ಲಿ ಹುರಿದ ಕಾಯಿಗೆ ನೀರು ಹಾಕಿ ರುಬ್ಬುತ್ತೇವೆ ಅಲ್ವಾ? ಇಲ್ಲಿ ಒಂದು ಹನಿ ನೀರೂ ಮುಟ್ಟಿಸಬಾರದು. ಕಲ್ಲಿನ ಕುಟ್ಟಾಣಿಗೆ ಹಾಕಿ ಕುಟ್ಟುತ್ತಾ ನೋಡಿ. ಮೊದಲು ಒಣ ಮರಳಿನ ಹಾಗೆ ಗರಗರ ಅನ್ನುತ್ತದೆ. ಐದು ನಿಮಿಷಕ್ಕೆ ಒದ್ದೆ ಮರಳಿನ ಹಾಗೆ ಮುದ್ದೆ ಕಟ್ಟುತ್ತದೆ. ಆಗ ಸಾಕು ಅನ್ನಿಸುತ್ತದೆ, ಆದರೆ ಸಾಲದು. ಇನ್ನೂ ಕುಟ್ಟಿ. ಗರಗರ ಸದ್ದು ನಿಂತು ಪಚಪಚ ಅನ್ನತೊಡಗುತ್ತದೆ. ಒನಕೆಗೆ ಅಂಟುತ್ತದೆ. ಕುಟ್ಟಾಣಿಯ ಅಂಚಿನಲ್ಲಿ ಎಣ್ಣೆಯ ಸಣ್ಣ ಗೆರೆ ಹೊಳೆಯುತ್ತದೆ. ಈಗ ನಿಲ್ಲಿಸಿ. ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ. ಸಕ್ಕರೆ ಹಾಕದೇ ಬಂದ ಸಿಹಿ ಅದು. ಮಿಕ್ಸಿಯಲ್ಲಾದರೆ ಚಟ್ನಿ ಜಾರಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಅಂಚು ಕೆರೆದು ಮತ್ತೆ ತಿರುಗಿಸಿ. ನಾಲ್ಕೈದು ಚಮಚ ಆಗುತ್ತದೆ.

ಒಲೆ ಹಚ್ಚಿದ ಮೇಲೆ

ಅಗಲ ಬಾಯಿಯ, ದಪ್ಪ ತಳದ ಬಾಣಲೆ ತೆಗೆದುಕೊಳ್ಳಿ. ಬಾಯಿ ಅಗಲ ಇದ್ದಷ್ಟೂ ನೀರು ಬೇಗ ಆರುತ್ತದೆ.

ಎಣ್ಣೆ ಕಾಯಿಸಿ ನಾಲ್ವರು ಒಡಹುಟ್ಟಿದವರನ್ನು ಹಾಕಿ. ಚಕ್ರಮೊಗ್ಗಿನ ಪರಿಮಳ ಬಂದ ಕೂಡಲೇ ರುಬ್ಬಿದ ಮಸಾಲೆ, ಜಜ್ಜಿದ ಮಜ್ಜಿಗೆ ಹುಲ್ಲು ಹಾಕಿ. ಉರಿ ಮಧ್ಯಮಕ್ಕಿಂತ ಕಡಿಮೆ. ಹದಿನೈದು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಿ, ಮಸಾಲೆ ಮುದ್ದೆಯಾಗಿ, ಅಂಚಿನಲ್ಲಿ ಕೆಂಪು ಎಣ್ಣೆ ಬಿಡಬೇಕು. ಇದಕ್ಕೆ ಇಲ್ಲಿ ಪೆಚಾ ಮಿನ್ಯಾಕ್ ಅನ್ನುತ್ತಾರೆ, ಎಣ್ಣೆ ಒಡೆಯುವುದು ಅಂತ. ಇದೇ ಮಾತು ಕೊನೆಗೂ ಬರುತ್ತದೆ. ಇಲ್ಲಿ ಅವಸರ ಮಾಡಿದರೆ ಹಸಿ ಈರುಳ್ಳಿಯ ರುಚಿ ಕೊನೆಯ ತನಕ ಬಿಡುವುದಿಲ್ಲ.

ಮಾಂಸ ಹಾಕಿ, ಉಪ್ಪು ಅರ್ಧ ಮಾತ್ರ ಹಾಕಿ. ಸಾರು ಆರಿದಂತೆ ಉಪ್ಪು ಏರುತ್ತದೆ, ಉಳಿದದ್ದನ್ನು ಕೊನೆಗೆ ನೋಡಿಕೊಳ್ಳಿ. ಐದು ನಿಮಿಷ ಮಗುಚಿ, ತೆಳು ಹಾಲು ಪೂರ್ತಿ ಸುರಿಯಿರಿ. ಒಂದು ಕುದಿ ಬಂದ ಮೇಲೆ ಉರಿ ಸಣ್ಣದು ಮಾಡಿ. ಮುಚ್ಚಳ ಓರೆಯಾಗಿ ಮುಚ್ಚಿ ಒಂದೂವರೆ ಗಂಟೆ ಬಿಡಿ. ಹತ್ತು ನಿಮಿಷಕ್ಕೊಮ್ಮೆ ಕೈಯಾಡಿಸಿದರೆ ಸಾಕು. ನೀರು ತೀರಾ ಕಡಿಮೆಯಾದರೆ ಅರ್ಧ ಲೋಟ ಬಿಸಿನೀರು ಹಾಕಿ. ಮಾಂಸದ ತುಂಡಿಗೆ ಚಮಚದ ಅಂಚು ಒತ್ತಿದರೆ ಇಳಿಯಬೇಕು, ಆದರೆ ತುಂಡಾಗಬಾರದು.

ಅಷ್ಟು ಹೊತ್ತಿಲ್ಲ ಅನ್ನುವವರಿಗೆ ಕುಕ್ಕರ್ ಈ ಒಂದು ಹಂತಕ್ಕೆ ಮಾತ್ರ ಆಗುತ್ತದೆ. ಮಸಾಲೆ ಹುರಿದು, ಮಾಂಸ, ಒಂದು ಲೋಟ ತೆಳು ಹಾಲು ಹಾಕಿ, ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಮುಕ್ಕಾಲು ಬೆಂದರೆ ಸಾಕು. ಮುಚ್ಚಳ ತೆಗೆದು ಎಲ್ಲವನ್ನೂ ಬಾಣಲೆಗೆ ಸುರಿದುಕೊಂಡು ಮುಂದುವರಿಯಿರಿ. ಮುಂದಿನದ್ದಕ್ಕೆ ಕುಕ್ಕರ್ ಬೇಡವೇ ಬೇಡ.

ಈಗ ದಪ್ಪ ಹಾಲು, ಹುಳಿಯ ಚೂರು, ನಿಂಬೆ ಎಲೆ ಹಾಕಿ. ಮುಚ್ಚಳ ತೆಗೆದಿಡಿ, ಮತ್ತೆ ಮುಚ್ಚುವುದಿಲ್ಲ. ಉರಿ ಸಣ್ಣದೇ ಇರಲಿ. ಅರ್ಧ ಗಂಟೆಯಲ್ಲಿ ಸಾರು ದಪ್ಪವಾಗಿ ಕಿತ್ತಳೆ ಬಣ್ಣದಿಂದ ಕಂದಿಗೆ ತಿರುಗುತ್ತದೆ. ಅದೇ ಕಾಲಿಯೋ. ಮನೆಯವರು ಅಡುಗೆಮನೆಗೆ ಬಂದು ಆಯ್ತಾ ಅಂತ ಕೇಳುವ ಹೊತ್ತು ಇದು. ಆಗಿಲ್ಲ ಅನ್ನಿ.

ಕೆರಿಸಿಕ್, ಬೆಲ್ಲ ಹಾಕಿ. ಅರಿಶಿನ ಎಲೆಯ ನಡುವಿನ ದಪ್ಪ ನರ ತೆಗೆದು, ಎಲೆಯನ್ನು ಸುರುಳಿ ಸುತ್ತಿ ಕೂದಲೆಳೆಯಷ್ಟು ತೆಳ್ಳಗೆ ಹೆಚ್ಚಿ ಹಾಕಿ. ಇನ್ನು ಮುಂದಿನ ನಲವತ್ತು ನಿಮಿಷವೇ ಇಡೀ ಅಡುಗೆ. ಕೆರಿಸಿಕ್ ಬಿದ್ದ ಮೇಲೆ ತಳ ಬೇಗ ಹಿಡಿಯುತ್ತದೆ. ಮರದ ಸೌಟು ತೆಗೆದುಕೊಂಡು, ತಳ ಕೆರೆಯುತ್ತಾ, ಮಾಂಸ ಪುಡಿಯಾಗದ ಹಾಗೆ ಕೆಳಗಿನಿಂದ ಮೇಲಕ್ಕೆ ಮಗುಚುತ್ತಾ ಇರಬೇಕು.

ಮಕ್ಚಿಕ್ ನನಗೆ ಇಲ್ಲಿ ನೋಡುವುದಕ್ಕಿಂತ ಕೇಳುವುದನ್ನು ಕಲಿಸಿದರು. "ಬಾಣಲೆ ಏನು ಹೇಳ್ತಿದೆ ಕೇಳು" ಅಂದಿದ್ದರು. ಸಾರಿನಲ್ಲಿ ನೀರಿದ್ದಾಗ ಅದು ಕೊತಕೊತ ಅನ್ನುತ್ತದೆ. ನೀರು ಕಡಿಮೆಯಾದಂತೆ ಬುಳಕ್, ಬುಳಕ್ ಅಂತ ದಪ್ಪ ಗುಳ್ಳೆ. ಆಮೇಲೆ ಕೆಲವು ನಿಮಿಷ ಸದ್ದೇ ಇರುವುದಿಲ್ಲ. ಅದಾದ ಮೇಲೆ ಸಣ್ಣಗೆ ಚುರುಚುರು ಶುರುವಾಗುತ್ತದೆ. ಕಾಯಿಹಾಲಿನ ನೀರು ಹೋಗಿ ಎಣ್ಣೆ ಬೇರೆಯಾಯಿತು ಅಂತ ಅರ್ಥ. ನೀರು ಇರುವ ತನಕ ಬಾಣಲೆಯ ಬಿಸಿ 100 ಡಿಗ್ರಿ ದಾಟುವುದಿಲ್ಲ, ಮಾಂಸ ಬೇಯುತ್ತಿರುತ್ತದೆ ಅಷ್ಟೇ. ನೀರು ಹೋದ ಮೇಲೆ ಬಿಸಿ ಏರುತ್ತದೆ, ಅದೇ ಎಣ್ಣೆಯಲ್ಲಿ ಮಾಂಸ ಹುರಿಯಲು ಶುರುವಾಗುತ್ತದೆ. ನಾವು ಬೇರೆ ಅಡುಗೆಗಳಲ್ಲಿ ಮೊದಲು ಹುರಿದು ಆಮೇಲೆ ಬೇಯಿಸುತ್ತೇವೆ. ಇಲ್ಲಿ ಮೊದಲು ಬೇಯಿಸಿ ಆಮೇಲೆ ಹುರಿಯುವುದು. ನನ್ನ ಮೊದಲ ಕುಕ್ಕರ್ ರೆಂಡಾಂಗ್‌ನಲ್ಲಿ ಇಲ್ಲದೇ ಹೋದದ್ದು ಈ ಚುರುಚುರು.

ಎಣ್ಣೆ ತೇಲುವುದನ್ನು ನೋಡಿ ಜಾಸ್ತಿಯಾಯಿತು ಅಂತ ಗಾಬರಿಯಾಗಬೇಡಿ, ಬಗ್ಗಿಸಿ ಚೆಲ್ಲಬೇಡಿ. ಇನ್ನೊಂದು ಇಪ್ಪತ್ತು ನಿಮಿಷ ಮಗುಚಿದರೆ ಕೆರಿಸಿಕ್ ಅದನ್ನು ಬಹಳಷ್ಟು ಹೀರಿಕೊಳ್ಳುತ್ತದೆ. ಮಾಂಸದ ಮೇಲೆ ಗಾಢ ಕಂದು ಮಸಾಲೆ ಕವಚದ ಹಾಗೆ ಅಂಟಿರುತ್ತದೆ. ಉಪ್ಪು ನೋಡಿ, ಒಲೆ ಆರಿಸಿ. ಹುಳಿಯ ಚೂರು, ಮಜ್ಜಿಗೆ ಹುಲ್ಲಿನ ದಂಟು ಹುಡುಕಿ ತೆಗೆದುಬಿಡಿ.

2018ರಲ್ಲಿ ಬ್ರಿಟನ್‌ನ ಒಂದು ಟಿವಿ ಅಡುಗೆ ಸ್ಪರ್ಧೆಯಲ್ಲಿ ಮಲೇಷ್ಯಾ ಮೂಲದ ಹೆಂಗಸೊಬ್ಬರು ಕೋಳಿ ರೆಂಡಾಂಗ್ ಮಾಡಿದ್ದರು. ಕೋಳಿಯ ಚರ್ಮ ಗರಿಗರಿಯಾಗಿಲ್ಲ ಅಂತ ತೀರ್ಪುಗಾರರು ಹೇಳಿದರು. ಮಲೇಷ್ಯಾ, ಇಂಡೋನೇಷ್ಯಾ, ಸಿಂಗಪುರ ಮೂರೂ ಕಡೆ ಜನ ಸಿಟ್ಟಾದರು. ರೆಂಡಾಂಗ್ ನಮ್ಮದು ಅಂತ ಆಗಾಗ ಜಗಳ ಆಡುವವರು ಅವತ್ತು ಒಂದೇ ಬಾಯಿಯಾಗಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಗಂಟೆಗಟ್ಟಲೆ ಕಾಯಿಹಾಲಲ್ಲಿ ಬೆಂದದ್ದು ಗರಿಗರಿಯಾಗುವುದು ಹೇಗೆ? ನಿಮ್ಮ ಬಾಣಲೆಯಲ್ಲೂ ಮಾಂಸ ಮೆತ್ತಗೇ ಇರಬೇಕು. ಮಸಾಲೆ ಮಾತ್ರ ಒಣಗಿರಬೇಕು.

ಊರಿಗೊಂದು ರೀತಿ ಇದೆ. ನಮ್ಮ ಸೆರೆಂಬಾನ್ ಕಡೆಯವರು ಒಣಮೆಣಸಿನ ಬದಲು ಸಣ್ಣ ಹಸಿಮೆಣಸು ಹಾಕುತ್ತಾರೆ, ಬಣ್ಣ ಹಳದಿ, ಖಾರ ಕಣ್ಣಲ್ಲಿ ನೀರು ಬರಿಸುತ್ತದೆ. ಪೆರಾಕ್ ರಾಜ್ಯದ ರೆಂಡಾಂಗ್ ತೋಕ್‌ಗೆ ಕೆರಿಸಿಕ್ ಜಾಸ್ತಿ, ಇನ್ನೂ ಒಣ, ಇನ್ನೂ ಕಪ್ಪು. ಮೇಲೆ ಹೇಳಿದ ಕ್ರಮ ಎರಡು ಸಲ ಕೈಗೆ ಕೂತ ಮೇಲೆ ಇವುಗಳನ್ನು ನೋಡಿ.

ಬಡಿಸುವುದು, ಇಡುವುದು

ಹರಿ ರಾಯ, ಅಂದರೆ ಈದ್ ದಿನ, ಇಲ್ಲಿ ರೆಂಡಾಂಗ್ ಜೊತೆ ಕೆತುಪಾತ್ ಇಲ್ಲವೇ ಲೆಮಾಂಗ್ ಇರುತ್ತದೆ. ಕೆತುಪಾತ್ ಅಂದರೆ ತೆಂಗಿನ ಎಳೆ ಗರಿಯಲ್ಲಿ ಹೆಣೆದ ಪುಟ್ಟ ಚೀಲದೊಳಗೆ ಬೇಯಿಸಿದ ಅನ್ನ. ಲೆಮಾಂಗ್ ಅಂದರೆ ಬಿದಿರಿನ ಕೊಳವೆಗೆ ಬಾಳೆಲೆ ಸುತ್ತಿಟ್ಟು ಕಾಯಿಹಾಲು, ಅಂಟು ಅಕ್ಕಿ ತುಂಬಿ ಕೆಂಡದ ಬದಿಯಲ್ಲಿ ಸುಟ್ಟದ್ದು. ನಮ್ಮ ಮನೆಯಲ್ಲಿ ನಾನು ಮೂಡೆ (ಕೇದಗೆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ) ಮಾಡುತ್ತೇನೆ, ಬೆಸ್ಟ್ ಜೋಡಿ. ನೀರುದೋಸೆಯೂ ಆಗುತ್ತದೆ. ಬಿಳಿ ಅನ್ನ, ಸೌತೆಕಾಯಿ ಹೋಳು ಇದ್ದರೂ ಊಟ ಪೂರ್ತಿ.

ಮಾಡಿದ ದಿನಕ್ಕಿಂತ ಮರುದಿನ ರುಚಿ ಜಾಸ್ತಿ. ಹಬ್ಬಕ್ಕೆ ಮಾಡುವುದಾದರೆ ಹಿಂದಿನ ರಾತ್ರಿಯೇ ಮುಗಿಸಿ. ಹಳೆಯ ಕಾಲದಲ್ಲಿ ವಾರಗಟ್ಟಲೆ ಹೊರಗೇ ಇಡುತ್ತಿದ್ದರು. ಆದರೆ ಅವರ ರೆಂಡಾಂಗ್ ನಮ್ಮದಕ್ಕಿಂತ ಬಹಳ ಒಣ. ನೀವು ಹಾಗೆ ಮಾಡಬೇಡಿ. ಬಿಸಿ ಆರಿದ ಮೇಲೆ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ನಾಲ್ಕೈದು ದಿನ ಇರುತ್ತದೆ, ಫ್ರೀಜರಿನಲ್ಲಿ ಎರಡು ತಿಂಗಳು. ಫ್ರಿಜ್‌ನಿಂದ ತೆಗೆದಾಗ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಸಣ್ಣ ಉರಿಯಲ್ಲಿ ಎರಡು ಚಮಚ ನೀರು ಹಾಕಿ ಮತ್ತೆ ಚುರುಚುರು ಅನ್ನುವ ತನಕ ಬಿಸಿ ಮಾಡಿ.

ಬಾಣಲೆ ತೊಳೆಯಲು ಹಾಕುವ ಮುಂಚೆ ಅದರಲ್ಲೇ ಎರಡು ಸೌಟು ಅನ್ನ ಹಾಕಿ, ತಳದ ಮಸಾಲೆ ಕೆರೆದು ಬಿಸಿ ಬಿಸಿ ಕಲಸಿ. ಮೂರು ಗಂಟೆ ಒಲೆಯ ಮುಂದೆ ನಿಂತವರ ತುತ್ತು ಅದು. ಮಕ್ಚಿಕ್ ಅದನ್ನು ನನಗೆ ಕೊಟ್ಟಿದ್ದರು.